ಸೋರುವ ಮನೆಯ ಹಾಡು: ಏಕತಾರಿಯಿಂದ ಗಿಟಾರಿನವರೆಗೆ



ಜನಪದ ಮತ್ತು ಅನುಭಾವ ಸಾಹಿತ್ಯದ ಬಗ್ಗೆ ವರ್ಷಕ್ಕೊಮ್ಮೆ ಒಂದು ಉಪನ್ಯಾಸ ನಡೆಯಲಿ ಎಂಬುದು ಈ ದತ್ತಿಯನ್ನು ಇಟ್ಟವರ ಆಸೆ. ಅಷ್ಟು ವಿಶಾಲವಾದ ವಿಷಯದಿಂದ ಇವತ್ತು ನಾನು ಒಂದೇ ಒಂದು ಹಾಡನ್ನು ಆರಿಸಿಕೊಂಡಿದ್ದೇನೆ. ಅದು ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’. ಇಲ್ಲಿ ಕೂತಿರುವವರಲ್ಲಿ ಅದನ್ನು ಕೇಳದವರು ಇರಲಾರರು. ಆದರೆ ಕೇಳಿದ ಬಗೆ ಬೇರೆ ಬೇರೆ. ಮುಂದಿನ ಸಾಲಿನ ಹಿರಿಯರು ಭಜನೆಯಲ್ಲಿ ಏಕತಾರಿ, ತಾಳ, ದಮ್ಮಡಿಗಳ ಜೊತೆ ಕೇಳಿದವರು. ಐವತ್ತರ ಆಸುಪಾಸಿನವರು ಟೇಪ್ ರೆಕಾರ್ಡರಿನಲ್ಲಿ ಸಿ. ಅಶ್ವತ್ಥರ ಕಂಠದಲ್ಲಿ ಕೇಳಿದವರು. ಹಿಂದೆ ನಿಂತಿರುವ ವಿದ್ಯಾರ್ಥಿಗಳು ರಘು ದೀಕ್ಷಿತ್ ತಂಡದ ಗಿಟಾರು, ಪಿಟೀಲುಗಳ ಜೊತೆ ಮೊಬೈಲಿನಲ್ಲಿ ಕೇಳಿದವರು. ಮೂರು ತಲೆಮಾರಿನವರೂ ಅದನ್ನು ನಮ್ಮ ಹಾಡು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾವೇರಿ ಸೀಮೆಯಲ್ಲಿ ಹುಟ್ಟಿದ ಒಂದು ತತ್ವಪದ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬಯಲುಸೀಮೆಯ ಈ ತೆಂಗಿನ ನಾಡಿನಲ್ಲಿ, ಇಪ್ಪತ್ತೊಂದನೆಯ ಶತಮಾನದಲ್ಲಿ, ಫೋಕ್ ರಾಕ್ ಎಂದು ಕರೆಸಿಕೊಂಡು ಹೀಗೆ ಬಾಳುತ್ತಿರುವುದು ಹೇಗೆ ಎಂಬುದೇ ಇಂದಿನ ನನ್ನ ಪ್ರಶ್ನೆ.

ಮೊದಲು ಮಾಳಿಗೆಯನ್ನೇ ನೋಡೋಣ. ಮಣ್ಣಿನ ಮಾಳಿಗೆಯ ಮನೆ ಈಗ ಅಪರೂಪವಾಗುತ್ತಿದೆ; ಮಕ್ಕಳಿಗೆ ಅದರ ಕಟ್ಟೋಣ ಗೊತ್ತಿರಲಿಕ್ಕಿಲ್ಲ. ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಗಳಿಗೆ ಅಡ್ಡಲಾಗಿ ಸಾಲು ಜಂತೆ, ಜಂತೆಗಳ ಮೇಲೆ ಹಲಗೆ ಅಥವಾ ಒತ್ತೊತ್ತಾಗಿ ಜೋಡಿಸಿದ ಕಡ್ಡಿ, ಅದರ ಮೇಲೆ ಸೊಪ್ಪು ಹಾಸಿ ಮೆತ್ತಿದ ಮಣ್ಣು. ಈ ಮನೆಗೆ ಒಂದು ನಿಯಮವಿದೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಲೇಬೇಕು. ಬೆಳೆದ ಹುಲ್ಲನ್ನು ಬೇರುಸಹಿತ ಕೀಳಬೇಕು, ಇಲಿ ತೋಡಿದ ಬಿಲಗಳನ್ನು ಮುಚ್ಚಬೇಕು, ಹೊಸದಾಗಿ ಚೌಳು ಮಣ್ಣು ಹರಡಿ ಬಡಿದು ಗಟ್ಟಿ ಮಾಡಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ಮಾಳಿಗೆ ಕೂಡಲೆ ದೂರು ಹೇಳುವುದಿಲ್ಲ. ನೀರು ಮಣ್ಣಿನೊಳಗೆ ಇಳಿದು, ದಾರಿ ಹುಡುಕಿ, ಜಂತೆಯ ಗುಂಟ ಹರಿದು, ತೂತು ಇರುವ ಜಾಗದಿಂದ ಎಷ್ಟೋ ದೂರದಲ್ಲಿ ಹನಿಯುತ್ತದೆ. ತೊಟ್ಟಿಕ್ಕುವ ಕಡೆ ಪಾತ್ರೆ ಇಟ್ಟು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಮೇಲೆ ತೂತು ದೊಡ್ಡದಾಗುತ್ತಲೇ ಇರುತ್ತದೆ. ಸೋರುವ ಮನೆಯಲ್ಲಿ ಒಂದು ರಾತ್ರಿ ಮಲಗಿದವರಿಗೆ ಇದು ಗೊತ್ತು.

ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಂದನಕೆರೆ ಕಡೆಯ ಹಳೆಯ ಊರುಗಳಲ್ಲಿ ಇಂಥ ಮಾಳಿಗೆ ಮನೆಗಳನ್ನು ಹಿರಿಯರು ಬಲ್ಲರು. ತಿಪಟೂರು, ತುರುವೇಕೆರೆ ಕಡೆ ಬಂದರೆ ಹಂಚಿನ ಮನೆ ಹೆಚ್ಚು. ಹಂಚಿನ ಕೆಳಗೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಮಟ್ಟೆಸಮೇತ ಅಟ್ಟಕ್ಕೆ ಏರಿದ ಬಲಿತ ಕಾಯಿ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷವೇ, ಅಲ್ಲಿ ತೆಪ್ಪಗೆ ಕೂರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಆಗ ಉಂಡೆ ಕೊಬ್ಬರಿ ತಯಾರು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹೆಸರು ದೇಶದಲ್ಲೆಲ್ಲ ಹಬ್ಬಿರುವುದಕ್ಕೆ ಈ ಅಟ್ಟದ ತಾಳ್ಮೆಯೇ ಕಾರಣ. ಆದರೆ ಮಂಗ ಓಡಾಡಿ ಒಂದು ಹಂಚು ಜರುಗಿದೆ ಎಂದುಕೊಳ್ಳಿ. ಅಥವಾ ಗಾಳಿಗೆ ಗರಿ ಬಿದ್ದು ಒಂದು ಹಂಚು ಬಿರುಕುಬಿಟ್ಟಿದೆ. ಅದರ ಕೆಳಗಿನ ಕಾಯಿಗಳಿಗೆ ತೇವ ತಗುಲಿ ಬೂಷ್ಟು ಹಿಡಿದಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಿಂಗಳುಗಳ ಮೇಲೆ, ಸುಲಿದು ಚಿಪ್ಪು ಒಡೆದ ದಿನವೇ ಕೆಟ್ಟ ಕೊಬ್ಬರಿಯ ಕಪ್ಪು ಕಲೆ ಕಣ್ಣಿಗೆ ಬೀಳುವುದು. ಒಂದು ಹಂಚನ್ನು ಗಮನಿಸದೆ ಹೋದದ್ದಕ್ಕೆ ಒಂದು ವರ್ಷದ ಕಾಯುವಿಕೆ ನೀರುಪಾಲಾಗುತ್ತದೆ. ಸೋರುವ ಮಾಳಿಗೆಯ ಹಾಡನ್ನು ಈ ನಾಡಿನಲ್ಲಿ ಹಾಡಿದಾಗ ಅದಕ್ಕೆ ಪದವ್ಯಾಖ್ಯಾನ ಬೇಕಾಗುವುದಿಲ್ಲ. ಕೇಳುಗರ ಕಣ್ಣು ತಾನಾಗಿ ಅಟ್ಟದ ಕಡೆ ಹೋಗುತ್ತದೆ.

ಇನ್ನು ಹಾಡಿನೊಳಗೆ ಬರೋಣ. ಶರೀಫರು ಮನೆಯೊಡತಿಯನ್ನು ಕರೆದು ಮಾತನಾಡುತ್ತಾರೆ. ಮನೆ ಸೋರುತ್ತಿದೆ, ಅದಕ್ಕೆ ಕಾರಣ ಅಜ್ಞಾನ, ಮೇಲೆ ಹತ್ತಿ ಸರಿಮಾಡುವವರು ಯಾರೂ ಕಾಣರು ಎನ್ನುತ್ತಾರೆ. ಆಮೇಲೆ ಮುರಿದ ತೊಲೆ, ಹುಳು ಹಿಡಿದ ಜಂತೆ, ಸಡಿಲಾದ ಕೀಲುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಮನೆ ಎಂದರೆ ದೇಹ, ಮಾಳಿಗೆ ಎಂದರೆ ಮನಸ್ಸು ಎಂದು ಬಿಡಿಸಿ ಹೇಳಲು ಅವರು ಎಲ್ಲೂ ನಿಲ್ಲುವುದಿಲ್ಲ. ಅಜ್ಞಾನ ಎಂಬ ಒಂದು ಮಾತನ್ನು ಆರಂಭದಲ್ಲೇ ಇಟ್ಟು, ಮುಂದೆಲ್ಲ ಬಡಗಿಯ ಕಣ್ಣಿನಲ್ಲಿ ಮನೆಯನ್ನು ನೋಡುತ್ತ ಹೋಗುತ್ತಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿತತ್ತ್ವವನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಿಳಿಯಾಗಿ ಹೇಳಿಕೊಟ್ಟರು. ವಾಚ್ಯಾರ್ಥ ತನ್ನಷ್ಟಕ್ಕೆ ಪೂರ್ಣವಾಗಿದ್ದು, ಅದರಾಚೆಗೆ ಇನ್ನೊಂದು ಅರ್ಥ ತಾನಾಗಿ ಹೊಳೆಯಬೇಕು ಎಂಬ ಆ ತತ್ತ್ವಕ್ಕೆ ಈ ಪದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಬರೀ ಸೋರುವ ಮನೆಯ ಹಾಡೆಂದು ಕೇಳಿದರೂ ಅದು ಪೂರ್ಣ. ಹಾಗೆ ಕೇಳಿದ ಮಗು ದೊಡ್ಡದಾದ ಮೇಲೆ ಒಂದು ದಿನ ಇನ್ನೊಂದು ಅರ್ಥ ತಾನಾಗಿ ಎದ್ದು ನಿಲ್ಲುತ್ತದೆ.

ಈ ಹಾಡಿನಲ್ಲಿ ನನ್ನನ್ನು ಬಹಳ ಕಾಡಿರುವ ಸಂಗತಿ ಇನ್ನೊಂದು ಇದೆ. ಮನೆಯನ್ನು ತೋಯಿಸುವ ಮಳೆಯನ್ನು ಶರೀಫರು ಬೈಯುವುದಿಲ್ಲ. ಅದು ಹುಬ್ಬಿ ಮಳೆ. ಕರುಣೆಯಿಂದ ಬಂದ ಮಳೆ ಎನ್ನುತ್ತಾರೆ. ನಾವು ಹುಬ್ಬೆ ಎನ್ನುವ ಈ ಮಳೆ ಆಗಸ್ಟ್ ಕೊನೆಗೆ ಹುಟ್ಟಿ ಸೆಪ್ಟೆಂಬರ್ ನಡುವಿನವರೆಗೆ ಇರುವಂಥದ್ದು. ಈ ಮೂರು ತಾಲ್ಲೂಕುಗಳ ಖುಷ್ಕಿ ರೈತರು ಆ ದಿನಗಳಲ್ಲಿ ಆಕಾಶ ನೋಡುತ್ತ ಕೂರುತ್ತಾರೆ, ರಾಗಿ ಪೈರು ಎದ್ದು ನಿಲ್ಲುವ ಹೊತ್ತು ಅದು. ಹುಬ್ಬೆ, ಉತ್ತರೆ ಕೈಕೊಟ್ಟರೆ ಕಣಜಕ್ಕೆ ರಾಗಿ ಬರುವುದಿಲ್ಲ. ಹೊಲದಲ್ಲಿ ನಾವು ಕೈಮುಗಿದು ಬೇಡಿಕೊಂಡ ಮಳೆಯೇ ಮನೆಯೊಳಗೆ ಬಂದು ಹಾಸಿಗೆ ತೋಯಿಸುತ್ತದೆ. ಮಳೆಯ ತಪ್ಪೇನೂ ಇಲ್ಲ. ಕೃಪೆ ಎಲ್ಲರ ಮನೆಯ ಮೇಲೂ ಸುರಿಯುತ್ತದೆ. ಅದನ್ನು ತಡೆದುಕೊಳ್ಳುವ ಸೂರನ್ನು ನೋಡಿಕೊಳ್ಳದೆ ಹೋದವರು ನಾವು. ಇಷ್ಟಾದರೂ ಹಾಡು ನಿರಾಶೆಯಲ್ಲಿ ಮುಗಿಯುವುದಿಲ್ಲ. ಶಿಶುನಾಳಧೀಶ ನಿಂತು ಕಾಯುತ್ತಾನೆಂಬ ನಂಬಿಕೆಯಲ್ಲಿ ಮುಗಿಯುತ್ತದೆ. ತನ್ನ ತಪ್ಪನ್ನು ಒಪ್ಪಿಕೊಂಡ ಮೇಲೂ ಮನುಷ್ಯನಿಗೆ ಒಂದು ಭರವಸೆ ಬೇಕಾಗುತ್ತದೆ ಎಂಬುದನ್ನು ಶರೀಫರು ಬಲ್ಲರು. ಈ ಹಾಡಿನ ಬಾಳಿಕೆಯ ಮೊದಲ ಗುಟ್ಟು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಶರೀಫರ ಬದುಕನ್ನು ಚಿಕ್ಕದಾಗಿ ನೆನೆಯೋಣ. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ಅಲ್ಲೇ ಮಣ್ಣಾದವರು. ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಕಳಸದ ಗೋವಿಂದ ಭಟ್ಟರು ಅವರ ಗುರು. ಒಬ್ಬ ಮುಸ್ಲಿಂ ಶಿಷ್ಯ, ಒಬ್ಬ ಬ್ರಾಹ್ಮಣ ಗುರು. ಈ ಜೋಡಿಯನ್ನು ಎರಡೂ ಕಡೆಯವರು ಆಡಿಕೊಂಡರು, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತಿಗೂ ಶಿಶುನಾಳದ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕಣ್ಣಿಗೆ ಬಿದ್ದದ್ದರಲ್ಲೆಲ್ಲ ಅವರಿಗೆ ತತ್ವ ಕಂಡಿತು. ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯ ಮೇಲೆ ಅವರು ಪದ ಕಟ್ಟಿದರು. ಸೇದುವ ಗುಡುಗುಡಿಯ ಮೇಲೂ ಕಟ್ಟಿದರು. ಹೊಸ ಯಂತ್ರವನ್ನು ಕಂಡು ಹೆದರಿದವರಲ್ಲ ಅವರು. ಅದರ ಹತ್ತಿರ ಹೋಗಿ, ಅದರ ಚಕ್ರ ತಿರುಗುವ ಬಗೆ ನೋಡಿ, ಅದನ್ನು ದೇಹದ ಲೆಕ್ಕಕ್ಕೆ ಹೊಂದಿಸಿದವರು. ಈ ಮಾತನ್ನು ಮುಂದೆ ಗಿಟಾರಿನ ಸಂದರ್ಭದಲ್ಲಿ ನೆನೆಸಿಕೊಳ್ಳಬೇಕಾಗುತ್ತದೆ.

ಅವರ ಪದಗಳು ಭಜನೆಯ ಬಾಯಲ್ಲಿ ಊರೂರು ಸುತ್ತಿದವು. ನಮ್ಮ ಸೀಮೆಯಲ್ಲೂ ಏಕತಾರಿ ಹಿಡಿದ ತತ್ವಪದಕಾರರ ದೊಡ್ಡ ಬಳಗವಿತ್ತು, ಈಗಲೂ ಇದೆ. ಶಿವರಾತ್ರಿಯ ಜಾಗರಣೆಯಲ್ಲಿ, ಸಾವಿನ ಮನೆಯಲ್ಲಿ ಬೆಳಗಿನವರೆಗೆ ನಡೆಯುವ ಭಜನೆಯಲ್ಲಿ ಶರೀಫರೂ, ಕಡಕೋಳ ಮಡಿವಾಳಪ್ಪನವರೂ, ಕೈವಾರದ ತಾತಯ್ಯನವರೂ ಒಂದೇ ಜಮಖಾನದ ಮೇಲೆ ಜೊತೆಯಾಗುತ್ತಾರೆ. ಹಾಡುವವರು ಪುಸ್ತಕ ನೋಡುವುದಿಲ್ಲ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಪಲ್ಲವಿ ಮರಳಿದಾಗಲೆಲ್ಲ ತಾಳ ಒಂದಿಷ್ಟು ಬಿಗಿಯಾಗುತ್ತದೆ. ಮೆಲ್ಲಗೆ ಶುರುವಾದ ಪದ ಕೊನೆಗೆ ಬರುವ ಹೊತ್ತಿಗೆ ಇಡೀ ಪಡಸಾಲೆಯ ಕೈಗಳು ತಾಳ ಹಾಕುತ್ತಿರುತ್ತವೆ. ತುಮಕೂರಿನ ಎಸ್. ನಟರಾಜ ಬೂದಾಳು ಅವರಂಥ ವಿದ್ವಾಂಸರು ಈ ಪರಂಪರೆಯ ಹಿಂದಿನ ತಾತ್ವಿಕತೆಯನ್ನು ಎತ್ತಿ ತೋರಿಸಿದ ಮೇಲೆ ತತ್ವಪದಗಳನ್ನು ಬರೀ ಭಜನೆಯ ಹಾಡು ಎಂದು ಬದಿಗಿಡುವುದು ವಿದ್ವತ್ ವಲಯದಲ್ಲಿ ತಪ್ಪಿತು.

ಓದಿದ ಪೇಟೆಯ ಜನಕ್ಕೆ ಶರೀಫರನ್ನು ಮುಟ್ಟಿಸಿದವರಲ್ಲಿ ಇಬ್ಬರನ್ನು ನೆನೆಯಲೇಬೇಕು. ಶರೀಫರ ಗೀತೆಗಳನ್ನು ಸಂಪಾದಿಸಿ ಪ್ರಚಾರಕ್ಕೆ ತಂದವರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಜನ ಅವರನ್ನು ಪ್ರೀತಿಯಿಂದ ಶರೀಫ ಭಟ್ಟರೆಂದೇ ಕರೆದರು. ಆ ಗೀತೆಗಳಿಗೆ ಹೊಸ ಕಂಠ ಕೊಟ್ಟವರು ಸಿ. ಅಶ್ವತ್ಥ್. ಅಶ್ವತ್ಥರು ನಮಗೆ ದೂರದವರಲ್ಲ. 1939ರಲ್ಲಿ ಅವರು ಹುಟ್ಟಿದ್ದು ನೆರೆಯ ಚನ್ನರಾಯಪಟ್ಟಣದಲ್ಲಿ, ಅದೂ ತೆಂಗಿನ ನೆರಳಿನ ಊರೇ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಸಂಗೀತ ಕಟ್ಟಿದವರು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅವರದೇ ಸಂಗೀತ. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ ನಟಿಸಿದ ಆ ಚಿತ್ರ 1990ರಲ್ಲಿ ತೆರೆಕಂಡಿತು. ಅಶ್ವತ್ಥರು ಭಜನೆಯ ಮಟ್ಟನ್ನು ಬಿಟ್ಟುಕೊಡದೆ ಪಲ್ಲವಿಯನ್ನು ಎತ್ತರದ ಸ್ಥಾಯಿಗೆ ಒಯ್ದರು. ಗಂಟಲನ್ನು ನಯಗೊಳಿಸದೆ ಬಿಚ್ಚಿ ಹಾಡಿದರು. ಮನೆ ಸೋರುತ್ತಿದೆ ಎಂದು ಯಾರಾದರೂ ಮೆಲುದನಿಯಲ್ಲಿ ಹೇಳುತ್ತಾರೆಯೇ? ಮಲಗಿದವರನ್ನು ಎಬ್ಬಿಸುವ ಹಾಗೆ ಕೂಗಿ ಹೇಳುತ್ತಾರೆ. ಆ ಕೂಗನ್ನು ಅವರು ಸಂಗೀತವಾಗಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ನೋಡಿದವರಿಗೆ, ಕವಿತೆ ಮತ್ತು ತತ್ವಪದಗಳನ್ನು ಕೇಳಲು ಕನ್ನಡಿಗರು ಹೀಗೆ ಬರುತ್ತಾರೆಯೇ ಎಂದು ಬೆರಗಾಯಿತು. ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, 2009ರ ಡಿಸೆಂಬರ್ 29ರಂದು, ಅಶ್ವತ್ಥರು ತೀರಿಕೊಂಡರು.

ಅಷ್ಟರಲ್ಲಿ ಹಾಡು ಮುಂದಿನ ಕೈಗೆ ದಾಟಿತ್ತು. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಶಾಸ್ತ್ರ ಓದಿದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಮೊದಲು ಅಂತರಾಗ್ನಿ ಎಂಬ ತಂಡ ಕಟ್ಟಿದರು. ಆಮೇಲೆ ತಮ್ಮ ಹೆಸರಿನ ತಂಡದೊಂದಿಗೆ 2008ರಲ್ಲಿ ಮೊದಲ ಆಲ್ಬಂ ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳು ಅದರಲ್ಲಿದ್ದವು: ಗುಡುಗುಡಿಯದು ಒಂದು, ಮಾಳಿಗೆಯದು ಇನ್ನೊಂದು. ಅದೇ ವರ್ಷ ‘ಸೈಕೋ’ ಚಿತ್ರಕ್ಕೆ ಅವರು ಮಾಡಿದ ಮಾದೇಶ್ವರನ ಹಾಡು ಹಳ್ಳಿಯ ಆರ್ಕೆಸ್ಟ್ರಾಗಳವರೆಗೂ ಹೋಯಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಗಾಯಕ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಕಾಣಿಸಿಕೊಂಡರು. ಅವರ ತಮ್ಮ ವಾಸು ದೀಕ್ಷಿತ್ ಇದ್ದ ಸ್ವರಾತ್ಮ ತಂಡವೂ ಇದೇ ದಾರಿಯಲ್ಲಿ ನಡೆಯಿತು. ಕನ್ನಡದಲ್ಲಿ ಫೋಕ್ ರಾಕ್ ಎಂಬ ಒಂದು ಬಗೆ ನೆಲೆಯೂರಿತು. ಅದರ ಬುನಾದಿಯ ಕಲ್ಲುಗಳಲ್ಲಿ ಸೋರುವ ಮಾಳಿಗೆಯ ಹಾಡೂ ಒಂದು.

ತತ್ವಪದಕ್ಕೆ ರಾಕ್ ಸಂಗೀತ ಇಷ್ಟು ಸುಲಭವಾಗಿ ಒಗ್ಗಿದ್ದು ಯಾಕೆ? ಏಕತಾರಿಗೆ ಇರುವುದು ಒಂದೇ ತಂತಿ. ಅದು ರಾಗವನ್ನು ವಿಸ್ತರಿಸುವುದಿಲ್ಲ. ಒಂದೇ ಸ್ವರವನ್ನು ಲಯಬದ್ಧವಾಗಿ ಮೀಟುತ್ತ ಹಾಡುವವನ ಕಾಲ ಕೆಳಗೆ ನೆಲವನ್ನು ಗಟ್ಟಿಯಾಗಿ ಇಡುತ್ತದೆ. ರಾಕ್ ತಂಡದಲ್ಲಿ ಬೇಸ್ ಗಿಟಾರು ಮತ್ತು ಡ್ರಮ್ಮು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ. ತತ್ವಪದದ ಪಲ್ಲವಿ ಚಿಕ್ಕದು, ಒಂದು ಸಲ ಕೇಳಿದರೆ ಬಾಯಿಗೆ ಬರುತ್ತದೆ, ಪ್ರತಿ ನುಡಿಯ ಕೊನೆಗೂ ಮರಳುತ್ತದೆ. ಸಾವಿರ ಜನ ಒಟ್ಟಿಗೆ ಹಾಡಬಲ್ಲ ಹಾಗಿರುತ್ತದೆ. ಲಯ ಏರುತ್ತ ಹೋಗುವ ಭಜನೆಯ ಕ್ರಮ ರಾಕ್ ಕಛೇರಿಯ ಕ್ರಮಕ್ಕೆ ಹತ್ತಿರ. ಎರಡರಲ್ಲೂ ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ಗೆರೆ ಕೊನೆಗೆ ಅಳಿಸಿಹೋಗುತ್ತದೆ. ಹಾಗಾಗಿ ರಘು ದೀಕ್ಷಿತ್ ಹೊರಗಿನಿಂದ ಏನನ್ನೋ ತಂದು ಅಂಟಿಸಬೇಕಾಗಿ ಬರಲಿಲ್ಲ. ಭಜನೆಯ ಒಳಗೆ ಮೊದಲೇ ಇದ್ದ ಕಸುವನ್ನು ಬೇರೆ ವಾದ್ಯಗಳಿಂದ ಕೇಳಿಸಿದರು.

ಈ ಬಗೆಯ ಪಯಣ ನಮ್ಮ ಹಾಡೊಂದರದೇ ಅಲ್ಲ. ಅಮೆರಿಕದ ‘ಹೌಸ್ ಆಫ್ ದಿ ರೈಸಿಂಗ್ ಸನ್’ ಎಂಬ ಜನಪದ ಗೀತೆಯನ್ನೇ ನೋಡಿ. ಅದೂ ಒಂದು ಮನೆಯ ಹಾಡು. ನ್ಯೂ ಆರ್ಲಿಯನ್ಸ್ ನಗರದ ಒಂದು ಕೆಟ್ಟ ಮನೆಯಲ್ಲಿ ಹಾಳಾದ ಬಾಳಿನ ಅಳಲು, ಕಿರಿಯರು ಆ ದಾರಿ ತುಳಿಯದಿರಲಿ ಎಂಬ ಎಚ್ಚರಿಕೆ. 1937ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೊ ಎಂಬ ಊರಿನಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿಹರೆಯದ ಬಡ ಹುಡುಗಿಯ ಕಂಠದಿಂದ ಅದನ್ನು ಧ್ವನಿಮುದ್ರಿಸಿಕೊಂಡ. 1962ರಲ್ಲಿ ಬಾಬ್ ಡಿಲನ್ ತನ್ನ ಮೊದಲ ಆಲ್ಬಂನಲ್ಲಿ ಹಾಡಿದ. 1964ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ‘ದಿ ಅನಿಮಲ್ಸ್’ ತಂಡ ವಿದ್ಯುತ್ ಗಿಟಾರು, ಆರ್ಗನ್ನುಗಳೊಂದಿಗೆ ಒಂದೇ ಟೇಕಿನಲ್ಲಿ ಅದನ್ನು ಮುದ್ರಿಸಿತು. ಎರಡೂ ದೇಶಗಳಲ್ಲಿ ಅದು ಮೊದಲ ಸ್ಥಾನಕ್ಕೆ ಏರಿತು. ಮರು ವರ್ಷ, 1965ರ ಜುಲೈಯಲ್ಲಿ, ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ವಿದ್ಯುತ್ ಗಿಟಾರು ಹಿಡಿದು ನಿಂತಾಗ ಸಭಿಕರಲ್ಲಿ ಹಲವರು ಕೂಗಿ ವಿರೋಧಿಸಿದರು. ಜನಪದ ಕೆಟ್ಟಿತು ಎಂಬುದು ಅವರ ಅಳಲು. ಅದೇ ವರ್ಷಗಳಲ್ಲೇ ಫೋಕ್ ರಾಕ್ ಎಂಬ ಹೆಸರು ಜಗತ್ತಿನ ಬಾಯಿಗೆ ಬಂತು.

ಆ ಇಂಗ್ಲಿಷ್ ಹಾಡಿನ ಕಥೆಯಲ್ಲಿ ಒಂದು ನೋವಿನ ಸಂಗತಿಯೂ ಇದೆ. ಅದನ್ನು ಮೊದಲು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅನಿಮಲ್ಸ್ ತಂಡದ ಐವರು ಸೇರಿ ನುಡಿಸಿದ್ದರೂ, ಸಂಯೋಜಕರ ಜಾಗದಲ್ಲಿ ಆರ್ಗನ್ ವಾದಕ ಅಲನ್ ಪ್ರೈಸ್ ಒಬ್ಬನ ಹೆಸರು ಅಚ್ಚಾಯಿತು. ಸಂಯೋಜನೆಯ ಸಂಭಾವನೆ ಅವನಿಗೊಬ್ಬನಿಗೇ ಹೋಯಿತು. ಆ ಮುನಿಸು ತಂಡದಲ್ಲಿ ದಶಕಗಳ ಕಾಲ ಉಳಿಯಿತು. ಈಗ ನಮ್ಮ ಹಾಡಿನ ಕಡೆ ನೋಡಿ. ಶರೀಫರು ತಮ್ಮ ಪದದ ಕೊನೆಯ ನುಡಿಯಲ್ಲಿ ಶಿಶುನಾಳಧೀಶನ ಅಂಕಿತವನ್ನು ಹೆಣೆದಿದ್ದಾರೆ. ಕ್ಯಾಸೆಟ್ಟಿನ ಹೊದಿಕೆ ಹರಿಯಬಹುದು, ಮೊಬೈಲಿನಲ್ಲಿ ಹಾಡು ಹೆಸರಿಲ್ಲದೆ ಹರಿದಾಡಬಹುದು. ಹಾಡನ್ನು ಪೂರ್ತಿ ಹಾಡಿದರೆ ಊರ ಹೆಸರೂ ಒಡೆಯನ ಹೆಸರೂ ಅದರೊಳಗೇ ಬರುತ್ತವೆ. ವಚನಕಾರರಿಂದ, ಹರಿದಾಸರಿಂದ ತತ್ವಪದಕಾರರಿಗೆ ಬಂದ ಈ ಅಂಕಿತದ ಪದ್ಧತಿ ಒಂದು ಹಾಡಿನ ಹುಟ್ಟೂರನ್ನು ಇಷ್ಟು ವರ್ಷ ಕಾಪಾಡಿದೆ. ಇಂದಿನ ಯುವ ಗಾಯಕರಲ್ಲಿ ನನ್ನ ಮೊದಲ ಬೇಡಿಕೆ ಇದು: ಸಮಯ ಇಲ್ಲವೆಂದು ಯಾವ ನುಡಿಯನ್ನು ಬೇಕಾದರೂ ಬಿಡಿ, ಅಂಕಿತದ ನುಡಿಯನ್ನು ಮಾತ್ರ ಬಿಡಬೇಡಿ.

ಜನಪದಕ್ಕೆ ಗಿಟಾರು ಸೇರಿಸಿದರೆ ಕೆಡುತ್ತದೆ ಎನ್ನುವ ಹಿರಿಯರು ಇಲ್ಲಿಯೂ ಇದ್ದಾರೆ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಅವರಿಗೆ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಒಬ್ಬ ಮಹನೀಯರನ್ನು ನೆನಪಿಸಲು ಬಯಸುತ್ತೇನೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದರು. ಹೊರಗಿನ ಭಾವಗೀತೆಯ ರೂಪ ಒಳಗೆ ಬಂತು. ಆದಿಪ್ರಾಸದ ಕಟ್ಟು ಸಡಿಲಿತು. ಮಾತ್ರಾಲಯಗಳು ಹೊಸ ರೀತಿಯಲ್ಲಿ ಜೋಡಣೆಯಾದವು. ಕನ್ನಡ ಕೆಡಲಿಲ್ಲ. ಆ ಹಾದಿಯಿಂದ ಹೊಸಗನ್ನಡದ ಭಾವಗೀತೆ ಬೆಳೆಯಿತು, ಭಾವಗೀತೆಯನ್ನು ಹಾಡುವ ಸುಗಮ ಸಂಗೀತ ಬೆಳೆಯಿತು, ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಬಂದರು. ಅಶ್ವತ್ಥರು ಹಾಡಿದ್ದನ್ನು ಕೇಳಿ ಬೆಳೆದವರು ಗಿಟಾರು ಹಿಡಿದರು. ಇಂಗ್ಲಿಷ್ ಕವಿತೆಯ ಧಾಟಿಯನ್ನು ಒಲಿಸಿಕೊಂಡ ಮಗನನ್ನು ಹೆತ್ತ ಈ ಮಣ್ಣಿಗೆ ಆರು ತಂತಿಯ ಒಂದು ವಾದ್ಯವನ್ನು ಒಲಿಸಿಕೊಳ್ಳುವುದು ಕಷ್ಟವಾಗಬಾರದು. ಹೊಗೆಯುಗುಳುವ ಗಿರಣಿಯಲ್ಲೇ ತತ್ವ ಕಂಡ ಶರೀಫರು ಗಿಟಾರನ್ನು ಕಂಡಿದ್ದರೆ ಅದರ ಮೇಲೂ ಒಂದು ಪದ ಕಟ್ಟುತ್ತಿದ್ದರು ಎಂದೇ ನನ್ನ ಭಾವನೆ.

ಹಾಗೆಂದು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಮಾತು ಕೇಳಿಸದ ಹಾಗೆ ವಾದ್ಯ ಬಾರಿಸಿದರೆ ತತ್ವಪದ ಅಲ್ಲಿಗೆ ಮುಗಿಯಿತು. ಈ ಹಾಡಿನ ಜೀವ ಇರುವುದು ತೊಲೆ, ಜಂತೆ, ಕೀಲುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸುವುದರಲ್ಲಿ; ಆ ಒಂದೊಂದು ಮಾತೂ ಕೊನೆಯ ಸಾಲಿನವರಿಗೆ ತಲುಪಬೇಕು. ಉತ್ತರ ಕರ್ನಾಟಕದ ಆಡುಮಾತನ್ನು ತಿದ್ದಿ ಶಿಷ್ಟಗೊಳಿಸಬಾರದು. ಪಲ್ಲವಿಯೊಂದನ್ನೇ ಹತ್ತು ಸಲ ಕೂಗಿ ನುಡಿಗಳನ್ನು ನುಂಗಬಾರದು. ನುಡಿಗಳಲ್ಲಿ ಮನೆಯ ಸ್ಥಿತಿ ತಿಳಿದ ಮೇಲೇ ಪಲ್ಲವಿಯ ಕೂಗಿಗೆ ಬೆಲೆ. ಒಳ್ಳೆಯ ಗಾಯಕರು ಇದನ್ನು ಬಲ್ಲರು. ಮಾಳಿಗೆಗೆ ವರ್ಷ ವರ್ಷವೂ ಹೊಸ ಮಣ್ಣು ಹಾಕುವ ಹಾಗೆ ಒಂದು ಹಾಡಿಗೂ ತಲೆಮಾರಿಗೊಮ್ಮೆ ಯಾರಾದರೂ ಮೇಲೆ ಹತ್ತಿ ಹೊಸ ಮಣ್ಣು ಹಾಕಬೇಕು. ತೊಲೆ, ಗೋಡೆಗಳು ಹಿಂದಿನವೇ. ಮೇಲಿನ ಪದರ ಹೊಸದು. ಭಜನೆಯವರು ಒಂದು ಪದರ ಹಾಕಿದರು, ಅಶ್ವತ್ಥರು ಒಂದು, ರಘು ದೀಕ್ಷಿತ್ ಒಂದು. ಹಾಡು ಬಾಳಿದ್ದು ಮುಟ್ಟದೆ ಬಿಟ್ಟದ್ದರಿಂದಲ್ಲ. ಅದನ್ನು ಪ್ರೀತಿಸಿದವರು ಮತ್ತೆ ಮತ್ತೆ ಮುಟ್ಟಿದ್ದರಿಂದ.

ಇವತ್ತಿನ ಹುಡುಗ ಹುಡುಗಿಯರಿಗೆ ಈ ಹಾಡು ಯಾಕೆ ಹಿಡಿಸುತ್ತದೆ ಎಂಬುದನ್ನೂ ಯೋಚಿಸೋಣ. ಅವರಲ್ಲಿ ಹಲವರು ಆರ್‌ಸಿಸಿ ಮನೆಯಲ್ಲಿ ಹುಟ್ಟಿದವರು, ಸೋರುವ ಮಾಳಿಗೆಯನ್ನು ಕಂಡವರಲ್ಲ. ಆದರೆ ಸೋರಿಕೆಯನ್ನು ಅವರು ಬಲ್ಲರು. ಕೊಳವೆಬಾವಿ ವರ್ಷದಿಂದ ವರ್ಷಕ್ಕೆ ಆಳವಾಗುವುದನ್ನು, ನುಸಿ ಹತ್ತಿದ ಕಾಯಿ ಸಣ್ಣದಾಗಿ ಸುಕ್ಕುಗಟ್ಟುವುದನ್ನು, ಕಪ್ಪುತಲೆ ಹುಳು ಗರಿಯ ಹಸಿರನ್ನು ತಿಂದುಹಾಕುವುದನ್ನು, ಕೊಬ್ಬರಿಯ ಬೆಲೆ ಕುಸಿದ ವರ್ಷ ಅಪ್ಪ ಅಟ್ಟದ ಕಡೆ ನೋಡಿ ಸುಮ್ಮನಾಗುವುದನ್ನು ಅವರು ನೋಡಿದ್ದಾರೆ. ಊರು ಬಿಟ್ಟು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಈ ಹಾಡು ಕೇಳುವಾಗ ಅವರಿಗೆ ತಮ್ಮದೇ ಮನೆ ಕಾಣುತ್ತದೆ. ಎಲ್ಲೋ ಏನೋ ಸೋರುತ್ತಿದೆ, ಮೇಲೆ ಹತ್ತಿ ನೋಡುವವರು ಯಾರೂ ಇಲ್ಲ ಎಂಬ ಸಂಕಟಕ್ಕೆ ವಯಸ್ಸಿಲ್ಲ, ಕಾಲವಿಲ್ಲ. ಆ ಸಂಕಟವನ್ನು ಒಬ್ಬರೇ ಅನುಭವಿಸುವ ಬದಲು ಸಾವಿರ ಜನ ಒಟ್ಟಿಗೆ ಕೈತಟ್ಟಿ ಹಾಡಿದರೆ ಎದೆ ಹಗುರಾಗುತ್ತದೆ. ಅನುಭಾವಿಯ ಪದವೊಂದು ಗಣೇಶೋತ್ಸವದ ಪೆಂಡಾಲಿನಲ್ಲೂ ಕಾಲೇಜು ಉತ್ಸವದಲ್ಲೂ ಕುಣಿಸುವುದು ಇದೇ ಕಾರಣಕ್ಕೆ. ಆ ಕುಣಿತವನ್ನು ಅಗೌರವ ಎಂದು ನಾನು ತಿಳಿಯುವುದಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಜಾರ್ಜಿಯಾ ಟರ್ನರಳ ಕಂಠವನ್ನು ಒಬ್ಬ ಸಂಗ್ರಾಹಕ ಹೋಗಿ ಮುದ್ರಿಸಿಕೊಂಡದ್ದರಿಂದ ಆ ಹಾಡಿನ ಹಿಂದಿನ ಮುಖ ಇವತ್ತಿಗೂ ನಮಗೆ ಕೇಳಸಿಗುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವ, ಸೋಬಾನೆ ಹೇಳುವ, ಸೋಮನ ಕುಣಿತಕ್ಕೆ ಅರೆ ಬಾರಿಸುವ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಬಹಳ ಜನರ ದನಿ ಎಲ್ಲೂ ದಾಖಲಾಗಿಲ್ಲ. ಶರೀಫರ ಈ ಪದವನ್ನೇ ಚಿಕ್ಕನಾಯಕನಹಳ್ಳಿಯ ಕಡೆ ಒಂದು ಮಟ್ಟಿನಲ್ಲಿ, ತುರುವೇಕೆರೆಯ ಕಡೆ ಇನ್ನೊಂದು ಮಟ್ಟಿನಲ್ಲಿ ಹಾಡುವವರು ಇರಬಹುದು. ಹುಡುಕಿ ಕೇಳಿದರೆ ತಾನೇ ತಿಳಿಯುವುದು? ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಒಂದು ವರ್ಷದ ಮಟ್ಟಿಗೆ ಇದನ್ನೇ ವಿದ್ಯಾರ್ಥಿಗಳ ಯೋಜನೆಯಾಗಿ ಕೊಡಲಿ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಭಜನಾ ಮಂಡಳಿಯ ಜೊತೆ ಒಂದು ರಾತ್ರಿ ಪೂರ್ತಿ ಕೂರಲಿ. ಮೊಬೈಲಿನಲ್ಲೇ ಆಗಲಿ, ಪದಗಳನ್ನು ಅಂಕಿತದವರೆಗೆ ಪೂರ್ತಿ ಮುದ್ರಿಸಿಕೊಳ್ಳಲಿ. ಹಾಡಿದವರ ಹೆಸರು, ಊರು, ಅವರಿಗೆ ಕಲಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದಿಡಲಿ. ಅದನ್ನೆಲ್ಲ ಊರ ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗುವಂತೆ ಇಡೋಣ.

ಗಿಟಾರು ಕಲಿತ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಆ ಹಿರಿಯರಿಂದ ಒಂದು ಪದ ಕಲಿಯಿರಿ, ಮುಂದಿನ ವರ್ಷ ಇದೇ ವೇದಿಕೆಯ ಮೇಲೆ ಅದನ್ನು ನಿಮ್ಮ ವಾದ್ಯಗಳೊಂದಿಗೆ ಹಾಡಿ, ಕಲಿಸಿದವರನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿ. ಭಜನೆಯ ಹಿರಿಯರಲ್ಲಿ ನನ್ನ ಪ್ರಾರ್ಥನೆ: ಮಕ್ಕಳು ಗಿಟಾರು ಹಿಡಿದು ಮನೆ ಬಾಗಿಲಿಗೆ ಬಂದರೆ ಒಳಗೆ ಕರೆದು ಪದ ಎತ್ತಿಕೊಡಿ. ಶರೀಫರು ಮೇಲೆ ಹತ್ತಿ ಸರಿಮಾಡುವವರು ಕಾಣರು ಎಂದು ನೊಂದುಕೊಂಡರು. ಈ ಕಲ್ಪತರು ನಾಡಿನಲ್ಲಿ ಅಂಥವರು ಇದ್ದಾರೆ ಎಂದು ತೋರಿಸುವುದು ಈ ಹಾಡಿಗೆ ನಾವು ಸಲ್ಲಿಸಬೇಕಾದ ಋಣ.